ಸಪ್ಪಲಮ್ಮನ ಹಕ್ಕಿಯ ರೆಕ್ಕೆ ಅಳೆದದ್ದು

ಸಪ್ಪಲಮ್ಮನಿಗೆ ಪಾರಿವಾಳದ ಗೀಳು ತವರಿನಿಂದ ಬಂದದ್ದಲ್ಲ. ಸುದ್ದಗುಂಟೆಪಾಳ್ಯದ ಗಂಗಯ್ಯನ ಮನೆಗೆ ಸೊಸೆಯಾಗಿ ಬಂದ ಮೂರನೆಯ ವರ್ಷ ಮಾವನ ಕಣ್ಣು ಮಂಜಾಯಿತು. ಮಹಡಿಯ ಮೇಲಿನ ಗೂಡುಗಳನ್ನು ನೋಡಿಕೊಳ್ಳಲು ಗಂಡುಮಕ್ಕಳಿಗೆ ಪುರುಸೊತ್ತಿರಲಿಲ್ಲ. ಸೊಸೆಯೇ ಏಣಿ ಹತ್ತಿದಳು.

ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಜೋಳ, ಹೆಸರುಕಾಳು ಮಡಿಲಿಗೆ ತುಂಬಿಕೊಂಡು ಮೇಲೆ ಹೋದಳೆಂದರೆ ಒಂದು ಗಂಟೆ ಅವಳನ್ನು ಯಾರೂ ಕೂಗುವಂತಿರಲಿಲ್ಲ. ಅಂಗಳದಲ್ಲಿ ಕೂತ ಗಂಗಯ್ಯ ಮಾತ್ರ ಕೇಳುತ್ತಿದ್ದ.

"ರೆಕ್ಕೆ ಬಿಚ್ಚಿ ಬೆಳಕಿಗೆ ಹಿಡಿಯವ್ವ. ಗರಿ ಗರಿ ಮಧ್ಯೆ ಸಂದು ಕಾಣ್ತದಾ?"

"ಇಲ್ಲ ಮಾವ, ಮೊರದಂಗೆ ಮುಚ್ಕೊಂಡದೆ."

"ಹಂಗಾದ್ರೆ ಅದು ಎದುರುಗಾಳಿಗೂ ಹೆದರಾಕಿಲ್ಲ."

ಹೀಗೆ ಹೇಳಿ ಕೇಳಿಯೇ ಅವಳು ಕಲಿತಳು. ಎಪ್ಪತ್ತೆಂಟನೆಯ ಇಸವಿಯಲ್ಲಿ ಒಂದೇ ಗೂಡಿನಲ್ಲಿ ಒಂದು ಜೋಡಿ ಮರಿ ಎದ್ದವು. ಒಂದೇ ತಾಯಿ, ಒಂದೇ ಕಾಳು. ಆದರೆ ಗಂಡಿನ ರೆಕ್ಕೆ ಉದ್ದ, ಸಪೂರ, ತುದಿ ಚೂಪು. ಹೆಣ್ಣಿನದು ಗಿಡ್ಡ, ಬುಡದಲ್ಲಿ ಅಗಲ. ತಮ್ಮ ದಾಸಪ್ಪ ದಾವಣಗೆರೆ ಕಡೆಗೆ ತರಕಾರಿ ಲಾರಿ ಓಡಿಸುತ್ತಿದ್ದ. ಅವನ ಕೈಯಲ್ಲಿ ಎರಡನ್ನೂ ಕೊಟ್ಟು ಮೊದಲು ತುಮಕೂರು, ಆಮೇಲೆ ಸಿರಾ, ಚಿತ್ರದುರ್ಗದಿಂದ ಬಿಡಿಸಿದಳು. ಗಾಳಿ ಅನುಕೂಲವಾಗಿದ್ದ ದಿನ ಅಣ್ಣ ಹಕ್ಕಿ ಮೊದಲು ಬರುತ್ತಿತ್ತು. ಗಾಳಿ ಎದುರಾದ ದಿನ ತಂಗಿಯೇ ಮೊದಲು.

ಮರುವರ್ಷ ಊರಿನ ಪಾರಿವಾಳ ಸಂಘದವರು ದಾವಣಗೆರೆಯಿಂದ ಪಂದ್ಯ ಇಟ್ಟರು. ಅಷ್ಟರಲ್ಲಿ ಗಂಡು ಹಕ್ಕಿಯನ್ನು ಗಿಡುಗ ಹೊಡೆದಿತ್ತು. ಸಪ್ಪಲಮ್ಮ ಹೆಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಂಘದ ಕೋಣೆಗೆ ಹೋದಳು. ಅಲ್ಲಿ ಆ ವರ್ಷ ಹೊಸ ನಿಯಮ. ರೆಕ್ಕೆಯ ಮಡಿಕೆಯಿಂದ ಗರಿಯ ತುದಿಗೆ ಇಪ್ಪತ್ತೆರಡು ಸೆಂಟಿಮೀಟರ್ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಪಂದ್ಯಕ್ಕೆ ಸೇರಿಸುವುದಿಲ್ಲ. ಸ್ಕೇಲು ಹಿಡಿದು ಕೂತವನು ಕಾರ್ಯದರ್ಶಿ ಚಲುವರಾಜು. ಅವನ ಗೂಡುಗಳು ಎರಡು ಬೀದಿ ಆಚೆ.

"ಇಪ್ಪತ್ತೊಂದೂವರೆ," ಎಂದ ಚಲುವರಾಜು. "ಅಕ್ಕ, ಇದು ಮನೆ ಮೇಲೆ ಸುತ್ತಾಡೋ ಹಕ್ಕಿ. ಕಾಳು ಹಾಕ್ಕೊಂಡು ಚೆನ್ನಾಗಿ ನೋಡ್ಕೊಳ್ಳಿ, ಹೋಗಿ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳು ಹೋಗಲಿಲ್ಲ, ಗೋಡೆಗೆ ಒರಗಿ ನಿಂತು ನೋಡಿದಳು. ಮುಂದಿನವನ ಹಕ್ಕಿ ಬಂತು. ಅದಾದ ಮೇಲೆ ಚಲುವರಾಜುವಿನದೇ ಬೂದು ಗಂಡು. ಆಗ ಅವಳಿಗೆ ಕಂಡಿತು. ಹಕ್ಕಿಯ ರೆಕ್ಕೆ ಚಪ್ಪಟೆ ಇರುವುದಿಲ್ಲ, ಬೋಗುಣಿಯ ಹಾಗೆ ಒಳಕ್ಕೆ ಬಾಗಿರುತ್ತದೆ. ಅವರ ಹಕ್ಕಿಗಳ ರೆಕ್ಕೆಯನ್ನು ಚಲುವರಾಜು ಹೆಬ್ಬೆರಳಿನಿಂದ ಸ್ಕೇಲಿಗೆ ಒತ್ತಿ, ಬಾಗು ತೆಗೆದು, ಎಳೆದು ಅಳೆಯುತ್ತಿದ್ದ. ಅವಳದನ್ನು ಅಳೆಯುವಾಗ ಒತ್ತಿಯೇ ಇರಲಿಲ್ಲ.

ಅವಳು ಗೋಡೆ ಬಿಟ್ಟು ಮುಂದೆ ಬಂದಳು.

"ಚಲುವರಾಜು, ನಿನ್ನ ಹಕ್ಕೀನ ಒತ್ತದಂಗೆ ಇನ್ನೊಂದ್ಸಲ ಅಳಿ."

"ಯಾಕಕ್ಕ?"

"ಅಳಿಯಪ್ಪ, ನೋಡಾನ."

ಅಧ್ಯಕ್ಷ ತಿಮ್ಮರಾಯಪ್ಪ ಎದುರಿಗೇ ಇದ್ದರು. ಅಳೆಯದೆ ವಿಧಿಯಿರಲಿಲ್ಲ. ಬೂದು ಗಂಡು ಇಪ್ಪತ್ತೊಂದು ಮುಕ್ಕಾಲಿಗೆ ನಿಂತಿತು. ಸಪ್ಪಲಮ್ಮ ತನ್ನ ಹಕ್ಕಿಯನ್ನು ತಾನೇ ಹಿಡಿದು, ಅವನು ಒತ್ತಿದ ಹಾಗೆಯೇ ಒತ್ತಿದಳು. ಗರಿ ಇಪ್ಪತ್ತೆರಡರ ಗೆರೆ ಮುಟ್ಟಿತು.

"ಒತ್ತೋದಾದ್ರೆ ಎಲ್ಲಾರ್ದೂ ಒತ್ತು. ಬಿಡೋದಾದ್ರೆ ಎಲ್ಲಾರ್ದೂ ಬಿಡು. ಇನ್ನೊಂದು ಮಾತು ಕೇಳ್ತೀನಿ, ತಿಮ್ಮರಾಯಪ್ಪಣ್ಣ. ಹೆಣ್ಣು ಹಕ್ಕಿ ಮೈಯೇ ಚಿಕ್ದು, ರೆಕ್ಕೆನೂ ಚಿಕ್ದು. ದೇವರು ಕೊಟ್ಟಿದ್ದು. ಗಂಡಿಗೂ ಹೆಣ್ಗೂ ಒಂದೇ ಗೆರೆ ಎಳೆದ್ರೆ ಹೆಣ್ಣು ಯಾವತ್ತು ಪಂದ್ಯ ಹಾರ್ಬೇಕು?"

ತಿಮ್ಮರಾಯಪ್ಪ ಕೆಮ್ಮಿದರು. "ಈ ವರ್ಷ ಬರೆದಾಗೋಗಿದೆ ಕಣಮ್ಮ. ಮುಂದಿನ ವರ್ಷ ನೋಡಾಣ."

ತಪ್ಪು ಕಣ್ಣೆದುರೇ ಸಿಕ್ಕಿಬಿದ್ದಿದೆ, ಆದರೂ ಮುಂದಿನ ವರ್ಷವಂತೆ! ಹಕ್ಕಿಗೆ ಎಷ್ಟು ವರ್ಷದ ರೆಕ್ಕೆ ಇರುತ್ತದೆ?

ಪಂದ್ಯದ ಹಿಂದಿನ ದಿನ ದಾಸಪ್ಪನ ಲಾರಿಯಲ್ಲಿ ಹಕ್ಕಿಯನ್ನು ಕಳಿಸಿದಳು. "ಸಂಘದವರು ಬುಟ್ಟಿ ಬಿಚ್ಚೋ ಮೈದಾನದಲ್ಲೇ, ಅವರು ಬಿಚ್ಚಿದ ಹೊತ್ಗೇ ಬಿಡು. ಒಂದು ಚಣ ಮುಂಚೆ ಬಿಟ್ಟೀಯ, ಜೋಕೆ!"

ಭಾನುವಾರ ಎದುರುಗಾಳಿ. ಹತ್ತು ಮುಕ್ಕಾಲಿಗೆ ಹೆಣ್ಣು ಬಂದು ಗೂಡಿನ ಹಲಗೆಯ ಮೇಲೆ ಇಳಿಯಿತು. ಸಪ್ಪಲಮ್ಮ ಅದಕ್ಕೆ ನೀರು ಕುಡಿಸಿ, ಎದೆಗೆ ಅವುಚಿಕೊಂಡು, ಎರಡು ಬೀದಿ ದಾಟಿ ಚಲುವರಾಜುವಿನ ಮಹಡಿ ಹತ್ತಿದಳು. ಅವನು ಕೈ ಅಡ್ಡ ಹಿಡಿದು ಇನ್ನೂ ಆಕಾಶ ನೋಡುತ್ತಿದ್ದ.

"ಯಾರ್ದಾದ್ರೂ ಬಂತಾ ಚಲುವರಾಜು?"

"ಇಷ್ಟು ಬೇಗ ಯಾರ್ದು ಬರುತ್ತಕ್ಕ..." ಎನ್ನುತ್ತ ತಿರುಗಿದವನು ಅವಳ ಕೈಯಲ್ಲಿದ್ದದ್ದನ್ನು ಕಂಡ. ಬೂದು ಗಂಡು ಬಂದದ್ದು ಇಪ್ಪತ್ತು ನಿಮಿಷದ ಮೇಲೆ. ಮಿಕ್ಕವು ಇನ್ನೂ ತಡ.

ಸಂಜೆ ಸಂಘದ ಕೋಣೆಯಲ್ಲಿ ಚಲುವರಾಜು ಹೊಸ ರಾಗ ತೆಗೆದ. "ದಾವಣಗೆರೆಯಿಂದ್ಲೇ ಬಿಟ್ರು ಅನ್ನೋಕೆ ಸಾಕ್ಷಿ ಯಾರು? ನೆಲಮಂಗಲದಿಂದ ಬಿಟ್ಟಿದ್ರೆ?"

ಆಗತಾನೆ ಲಾರಿ ನಿಲ್ಲಿಸಿ ಬಂದಿದ್ದ ದಾಸಪ್ಪ ಬಾಗಿಲಲ್ಲೇ ನಕ್ಕ. "ಗುರು, ಬುಟ್ಟಿ ಬಿಚ್ಚಿದ್ದು ನಿನ್ನ ಭಾಮೈದ. ಬೀಡಿಗೆ ಬೆಂಕಿ ಇಸ್ಕೊಂಡಿದ್ದು ನನ್ನ ಹತ್ರಾನೇ. ಕರೆಸಿ ಕೇಳು."

ಭಾಮೈದ ಅಲ್ಲೇ ಬೆಂಚಿನ ಮೇಲಿದ್ದ. ತಲೆ ಬಗ್ಗಿಸಿ, "ಹೂಂ, ಒಟ್ಗೇ ಬಿಟ್ರು," ಎಂದ.

ತಿಮ್ಮರಾಯಪ್ಪ ಎದ್ದರು. ಮುಖದಲ್ಲಿ ದೊಡ್ಡತನದ ನಗೆ. "ಆಯ್ತಮ್ಮ. ಹೆಂಗಸು ಇಷ್ಟು ಆಸೆಪಟ್ಟಿದ್ದೀಯ. ಸಂಘದ ಕಡೆಯಿಂದ ನಿನಗೆ ಒಂದು ಪ್ರೋತ್ಸಾಹದ ಬಹುಮಾನ ಕೊಡಾಣ." ಮೇಜಿನಡಿಯಿಂದ ಒಂದು ಸ್ಟೀಲ್ ಡಬ್ಬಿ ಬಂತು.

ಸಪ್ಪಲಮ್ಮ ಡಬ್ಬಿಯನ್ನು ಮುಟ್ಟಲಿಲ್ಲ.

"ನಂಗೆ ಬಹುಮಾನ ಬೇಡ ಅಣ್ಣ. ಪಂದ್ಯದ ಕಪ್ ಚಲುವರಾಜುವೇ ಇಟ್ಕೊಳ್ಳಲಿ. ನಿಮ್ಮ ಪುಸ್ತಕದಲ್ಲಿ ನನ್ನ ಹಕ್ಕಿ ಪಂದ್ಯಕ್ಕೆ ಲಾಯಕ್ಕಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನ ಹೊಡೆದು ಹಾಕಿ. ಎಲ್ಲರ ಹಕ್ಕೀನೂ ಒಂದೇ ಥರ ಅಳೀಲಿಲ್ಲ, ಅಳತೆ ತಪ್ಪು ಅಂತ ಬರೀರಿ."

"ಅದೆಲ್ಲ ಹಂಗೆ ಬರೆಯಾಕಾಗಲ್ಲ..."

"ಬರೆಯೋಗಂಟ ಇಲ್ಲೇ ಕೂತಿರ್ತೀನಿ."

ಅವಳು ಹಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಹೊಸಿಲ ಮೇಲೆ ಕೂತಳು. ಅವಳನ್ನು ದಾಟದೆ ಯಾರೂ ಹೊರಗೆ ಹೋಗುವಂತಿರಲಿಲ್ಲ. ದಾಸಪ್ಪನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಒಬ್ಬ ಗಡಿಯಾರ ನೋಡಿದ. ಇನ್ನೊಬ್ಬ, "ಬರೆದು ಬಿಡಪ್ಪ, ಹೊಟ್ಟೆ ಹಸೀತಿದೆ," ಎಂದ. ಕೊನೆಗೆ ಚಲುವರಾಜು ಪುಸ್ತಕ ಎಳೆದುಕೊಂಡು, ಅಂಚಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು ಗೀಚಿದ.

"ಈಗ ಜೋರಾಗಿ ಓದು," ಎಂದಳು ಸಪ್ಪಲಮ್ಮ.

ಅವನು ಓದಿದ. ತಿಮ್ಮರಾಯಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಅವಳು ಎದ್ದು ದಾರಿ ಬಿಟ್ಟಳು.