ಹಾರೆ ಮುಟ್ಟದೆ ದಾರಿ ಬಿಡಿಸಿದ ಲಾಯಿಲದ ಕಾಂತಿಯಕ್ಕ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಬೆಳ್ತಂಗಡಿ ಪಕ್ಕದ ಲಾಯಿಲದ ರಸ್ತೆ ಬದಿಯ ಆ ಕೋಣೆಯ ಶಟರು ಇನ್ನೂ ಅರ್ಧವೇ ಮೇಲೆದ್ದಿದೆ. ನಾಲ್ವರು ಹೆಂಗಸರು ಮತ್ತು ಒಬ್ಬರು ಅಜ್ಜ ಅದರಡಿಯಲ್ಲಿ ತಲೆ ಬಗ್ಗಿಸಿ ಒಳಗೆ ಬಂದು ಬೆಂಚಿನಲ್ಲಿ ಕುಳಿತಾಗಿದೆ. ಮೇಜಿನ ಹಿಂದೆ ಐವತ್ತೊಂದು ವರ್ಷದ ಕಾಂತಿ ಆಳ್ವ ಒಂದು ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಸಮುದ್ರದಾಚೆಯ ಯಾರನ್ನೋ ಸಮಾಧಾನ ಮಾಡುತ್ತಿದ್ದಾರೆ.

"ಆರು ನಂಬ್ರ ಬಂತಾ ಮಗಾ? ಒಂದೊಂದೇ ಹೇಳು. ಗಡಿಬಿಡಿ ಮಾಡ್ಬೇಡ. ನಿನ್ನ ಬಸ್ಸು ಬರ್ಲಿಕ್ಕೆ ಇನ್ನೂ ಐದು ನಿಮಿಷ ಉಂಟಲ್ಲ?"

ಆಚೆ ಬದಿ ಅಬುಧಾಬಿ. ಅಲ್ಲಿ ಈಗ ನಾಲ್ಕೂ ನಲವತ್ತು. ಕೆಲಸದ ಬಸ್ಸಿಗೆ ಕಾಯುತ್ತ ನಿಂತ ಮಗ ತನ್ನ ಫೋನಿಗೆ ಬಂದ ಆರು ಅಂಕಿಗಳನ್ನು ಓದಿ ಹೇಳಬೇಕು, ಅವನ್ನು ಇಲ್ಲಿ ಬೆಂಚಿನಲ್ಲಿ ಕುಳಿತ ಅವನ ತಾಯಿಯ ಫೋನಿನಲ್ಲಿ ಒತ್ತಬೇಕು. ಇಲ್ಲದಿದ್ದರೆ ತಾಯಿಯ ಫೋನು ಕೆಲಸ ಮಾಡುವುದಿಲ್ಲ. ಯಾಕೆಂದರೆ ಕಂಪೆನಿಯ ದೃಷ್ಟಿಯಲ್ಲಿ ಅದು ತಾಯಿಯದಲ್ಲ, ಮಗನದು. ಬಸ್ಸು ಹತ್ತಿದ ಮೇಲೆ ಮಗ ಸಂಜೆಯವರೆಗೆ ಸಿಗುವುದಿಲ್ಲ. ಹಾಲಿನ ಡಿಪೊ ತೆರೆಯುವ ಹೊತ್ತಿಗೇ ಈ ಅಂಗಡಿಯೂ ತೆರೆಯುವ ಗುಟ್ಟು ಇಷ್ಟೆ.

ನಾನು ಇಲ್ಲಿಗೆ ಬಂದದ್ದು ಒಂದು ದಾರಿಯ ಸುದ್ದಿ ಕೇಳಿ. ವೇಣೂರಿನಿಂದ ಸ್ವಲ್ಪ ಒಳಗೆ, ಗುಡ್ಡೆಯ ಬುಡದಲ್ಲಿ ಆರು ಮನೆಗಳಿವೆ. ಆ ಮನೆಗಳಿಗೆ ಗಾಡಿ ಹೋಗುವ ದಾರಿಗೆ ಏಳು ತಿಂಗಳ ಕಾಲ ಕೆಂಪುಕಲ್ಲಿನ ಪಾಗಾರ, ಅಂದರೆ ಬೇಲಿಗೋಡೆ, ಅಡ್ಡ ನಿಂತಿತ್ತು. ಕಳೆದ ತಿಂಗಳು ಅದು ಬಿತ್ತು. ಬೀಳಿಸಿದ್ದು ಯಾರು ಎಂದು ಕೇಳಿದರೆ ಆರೂ ಮನೆಯವರದು ಒಂದೇ ಉತ್ತರ: "ಲಾಯಿಲದ ಫೋನಿನ ಅಕ್ಕ." ಹಾರೆ ಹಿಡಿಯದ, ವಕೀಲಿಕೆ ಓದದ, ಪಂಚಾಯತ್ ಚುನಾವಣೆಗೂ ನಿಲ್ಲದ ಹೆಂಗಸು ಪಾಗಾರ ಬೀಳಿಸಿದ್ದು ಹೇಗೆ? ಆ ಕುತೂಹಲವೇ ನನ್ನ ಬೆಳಗಿನ ನಿದ್ದೆ ಕೆಡಿಸಿ ಇಲ್ಲಿ ತಂದು ಕೂರಿಸಿದೆ.

ಕಾಂತಿಯಕ್ಕ ಮುಟ್ಟುವುದು ಒಂದೇ ಒಂದು ಕಂಪೆನಿಯ ಸಾಮಾನು. ಹೆಸರು ಬರೆದರೆ ಪುಕ್ಕಟೆ ಜಾಹೀರಾತಾದೀತು; ಗಲ್ಫಿನಿಂದ ರಜೆಗೆ ಬಂದವರ ಕಿಸೆಯಿಂದ ಅರ್ಧ ಹೊರಗೆ ಇಣುಕುವ ಫೋನು ಎಂದರೆ ಸಾಕು, ನಮ್ಮೂರಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಫೋನು, ಕೈಗಡಿಯಾರ, ಕಿವಿಗೆ ಸಿಕ್ಕಿಸುವ ಬಿಳಿ ಕಡ್ಡಿ, ಚಾರ್ಜರ್, ಎಲ್ಲವೂ ಆ ಕಂಪೆನಿಯದೇ. ಇವೆಲ್ಲಕ್ಕೂ ಸೇರಿ ಒಂದು ಖಾತೆ, ಖಾತೆಗೊಬ್ಬ ಯಜಮಾನ. ತೊಂದರೆ ಶುರುವಾಗುವುದು ಅಲ್ಲಿಯೇ.

ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಈ ಫೋನನ್ನು ಅಂಗಡಿಯಿಂದ ಕೊಂಡವರಿಗಿಂತ ಮೇಲಿನವರಿಂದ ಪಡೆದವರೇ ಹೆಚ್ಚು. ಮಾವ ಹೊಸದು ಕೊಂಡರೆ ಹಳೆಯದು ಅಳಿಯನಿಗೆ. ಮಗ ಹೊಸದು ಕೊಂಡರೆ ಹಳೆಯದು ಅಮ್ಮನಿಗೆ. "ಸೋದರಮಾವನ ಆಸ್ತಿ ಅಳಿಯನಿಗೆ ಅನ್ನುವ ಅಳಿಯಕಟ್ಟು ಹೋಯ್ತು, ಫೋನಿನಲ್ಲಿ ಇನ್ನೂ ಉಂಟು ನೋಡಿ," ಎಂದು ಕಾಂತಿಯಕ್ಕ ನಗುತ್ತಾರೆ. ಫೋನು ಕೈ ಬದಲಾಗುತ್ತದೆ, ಖಾತೆ ಮಾತ್ರ ಮಾವನ ಹೆಸರಲ್ಲೇ ಉಳಿಯುತ್ತದೆ. ಅಳಿಯ ತೆಗೆದ ಫೋಟೊ ಮಾವನಿಗೆ ಕಾಣುತ್ತದೆ. ಮಾವನಿಗೆ ಬಂದ ಕರೆ ಅಳಿಯನಲ್ಲಿ ರಿಂಗಾಗುತ್ತದೆ. ಈ ಕೂಡುಕುಟುಂಬವನ್ನು ಜಗಳವಿಲ್ಲದೆ ಪಾಲು ಮಾಡಿ, ಅವರವರ ಫೋನನ್ನು ಅವರವರ ಹೆಸರಿಗೆ ಮಾಡಿಕೊಡುವುದೇ ಕಾಂತಿಯಕ್ಕನ ಕೆಲಸ. ದಿನಕ್ಕೆ ಹದಿನೈದರಿಂದ ಇಪ್ಪತ್ತು ಫೋನುಗಳು. ಕೆಲಸ ಆದರೆ ನೂರು ರೂಪಾಯಿ, ಆಗದಿದ್ದರೆ ಒಂದು ಚಹಾ ಅವರ ಲೆಕ್ಕದಲ್ಲೇ.

ಈ ಕೋಣೆಯಲ್ಲೇ 1994ರಲ್ಲಿ ಇಪ್ಪತ್ತರ ಹುಡುಗಿಯಾಗಿ ಅವರು ಎಸ್‌ಟಿಡಿ ಬೂತ್ ತೆರೆದಿದ್ದರು. ಶುಕ್ರವಾರ ಗಲ್ಫಿನ ಕರೆಗೆ ಕಾಯುವವರ ಸಾಲು ರಸ್ತೆಯವರೆಗೆ ಬರುತ್ತಿತ್ತಂತೆ. ಮೊಬೈಲು ಬಂದು ಬೂತ್ ಸತ್ತಿತು. ಜೆರಾಕ್ಸ್ ಹಾಕಿದರು, ರೀಚಾರ್ಜ್ ಕೂಪನ್ ಮಾರಿದರು. ಜನ ಕೂತಲ್ಲೇ ರೀಚಾರ್ಜ್ ಮಾಡಿಕೊಳ್ಳತೊಡಗಿದ ಮೇಲೆ ಅದೂ ಹೋಯಿತು. ಶಟರು ಎಳೆದುಬಿಡು ಎಂದು ಬುದ್ಧಿ ಹೇಳದವರೇ ಇಲ್ಲ.

ಅಷ್ಟರಲ್ಲಿ ಅಬುಧಾಬಿಯ ತಮ್ಮ ಸುಧಾಕರ ತನ್ನ ಹಳೆಯ ಫೋನು ಕೊಟ್ಟ. "ನಾನೊಮ್ಮೆ ಹಲ್ಲುನೋವು ಅಂತ ಬಾಯಿ ಅಗಲ ತೆರೆದು ಫೋಟೊ ತೆಗ್ದೆ, ಡಾಕ್ಟ್ರಿಗೆ ಕಳಿಸ್ಲಿಕ್ಕೆ. ಅದು ಅವನ ಆಫೀಸಿನ ಮೀಟಿಂಗಿನ ಮಧ್ಯೆ ದೊಡ್ಡ ಪರದೆಯಲ್ಲಿ ಬಂತಂತೆ! ಎಲ್ಲರೂ ನನ್ನ ದವಡೆ ನೋಡಿದ್ರು ಮಾರಾಯ್ರೆ." ನಾಚಿಕೆಗೆ ಮದ್ದು ಹುಡುಕುತ್ತ ಅವರು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಕಂಪೆನಿಯ ಇಂಗ್ಲಿಷ್ ಪುಟಗಳನ್ನು ಮೂರು ತಿಂಗಳು ಓದಿದರು. ಸಹಾಯವಾಣಿಗೆ ನಲವತ್ತೊಂದು ಸಲ ಕರೆ ಮಾಡಿದರು. ಓದಿದ್ದು ಪಿಯುಸಿ. ಹಟ ಮಾತ್ರ ಡಾಕ್ಟರೇಟಿನದು ಎಂದು ನನಗೆ ಅನಿಸಿದೆ.

ಬೆಂಚಿನ ಅಜ್ಜನ ಸರದಿ ಬರುತ್ತದೆ. ಮೂಡುಬಿದಿರೆ ಕಡೆಯ ವೀರರಾಜರು, ಎಪ್ಪತ್ತನಾಲ್ಕು ವರ್ಷ. ಕತಾರಿನ ಮಗ ಅಂಕಿತ್ ಕೊಟ್ಟ ಗಡಿಯಾರ ಅವರ ಕೈಯಲ್ಲಿದೆ. "ನೋಡಮ್ಮ, ನಾನು ಕತ್ತಿಯಲ್ಲಿ ತೆಂಗಿನಕಾಯಿ ಒಡೆದ ಕೂಡಲೇ ಇದು ‘ಬಿದ್ದಿರಾ’ ಅಂತ ಕೇಳ್ತದೆ. ಒಡೆಯುದಾ, ಇದಕ್ಕೆ ಉತ್ತರ ಕೊಡುದಾ? ಉತ್ತರ ಕೊಡದಿದ್ರೆ ಅಲ್ಲಿ ಮಗ ಹೆದರಿ ಎದ್ದು ಕೂರ್ತಾನೆ." ಕಾಂತಿಯಕ್ಕ ಗಡಿಯಾರ ಬಿಚ್ಚಿ ಪಕ್ಕದಲ್ಲಿಡುತ್ತಾರೆ. "ಕಾಯಿ ಒಡೆಯುವಾಗ ಇದನ್ನು ತೆಗೆದಿಡಿ ಅಜ್ಜ. ನಿಜವಾಗಿ ಬಿದ್ದ ದಿನ ಇದು ಬೇಕು." ಅದಕ್ಕೆ ನೂರು ರೂಪಾಯಿ ತೆಗೆದುಕೊಳ್ಳುವುದಿಲ್ಲ.

ನನ್ನೆದುರೇ ಒಬ್ಬಾತ ಬೀಗ ಬಿದ್ದ ಫೋನು ತಂದು, ಎರಡು ಸಾವಿರ ಕೊಡುತ್ತೇನೆ, ಹೇಗಾದರೂ ತೆರೆದುಕೊಡಿ ಎನ್ನುತ್ತಾನೆ. ಯಾರದು ಎಂದರೆ ತಡವರಿಸುತ್ತಾನೆ. ಕಾಂತಿಯಕ್ಕ ಫೋನನ್ನು ಅವನ ಕಡೆಗೇ ತಳ್ಳುತ್ತಾರೆ. "ಬೀಗ ಒಡೆಯುವ ಕೆಲಸ ನನ್ನದಲ್ಲ. ಬೀಗದ ಕೈ ಯಾರ ಹತ್ರ ಉಂಟು ಅಂತ ಹುಡುಕುವುದು ಮಾತ್ರ. ಯಜಮಾನರನ್ನು ಕರ್ಕೊಂಡು ಬನ್ನಿ." ಆತ ಹೊರಟುಹೋಗುತ್ತಾನೆ.

ಇನ್ನು ದಾರಿಯ ಕಥೆ. ಆ ಆರು ಮನೆಗಳಲ್ಲಿ ಒಂದು ಆಯಿಶಮ್ಮನದು, ಪಕ್ಕದ್ದು ರುಕ್ಮಯ್ಯನವರದು. ರುಕ್ಮಯ್ಯ ಮೊದಲು ಮೂರ್ತೆ ಮಾಡುತ್ತಿದ್ದರು, ಅಂದರೆ ತಾಳೆಮರ ಹತ್ತಿ ಕಳ್ಳು ಇಳಿಸುವ ಕಸುಬು. ಈಗ ಮೂತ್ರಪಿಂಡ ಸೋತು, ಮಂಗಳವಾರ ಮತ್ತು ಶುಕ್ರವಾರ ಬೆಳ್ತಂಗಡಿಗೆ ಡಯಾಲಿಸಿಸ್‌ಗೆ ಹೋಗಬೇಕು. ಪಾಗಾರ ಎದ್ದ ಮೇಲೆ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಎತ್ತಿಕೊಂಡು, ಗುಡ್ಡೆ ಹತ್ತಿಸಿ ರಸ್ತೆಗೆ ಮುಟ್ಟಿಸಬೇಕಾಗಿತ್ತು. ಮಳೆಗಾಲದಲ್ಲಿ ಎರಡು ಸಲ ಕುರ್ಚಿ ಜಾರಿತು. ಎರಡು ಸಲ ಡಯಾಲಿಸಿಸ್ ತಪ್ಪಿತು. ಮೂರನೇ ಸಲ ತಪ್ಪಿದರೆ ಕಷ್ಟ ಎಂದು ಡಾಕ್ಟರರು ಮುಖ ನೋಡಿಯೇ ಹೇಳಿದ್ದರಂತೆ.

ಪಾಗಾರ ಕಟ್ಟಿಸಿದ ಜಾಗದವರ ವಾದ ಒಂದೇ: ಅಲ್ಲಿ ಇದ್ದದ್ದು ಕಾಲುದಾರಿ, ಗಾಡಿ ಯಾವತ್ತೂ ಹೋಗಿಲ್ಲ. ಅದಕ್ಕೆ ಉತ್ತರ ಆಯಿಶಮ್ಮನ ಫೋನಿನೊಳಗಿತ್ತು. 2019ರಲ್ಲಿ ಮಗಳ ಮದುವೆಯ ದಿನ ಮದುಮಗನ ಕಡೆಯ ಎರಡು ಜೀಪು, ಒಂದು ವ್ಯಾನು ಅಂಗಳದವರೆಗೆ ಬಂದದ್ದನ್ನು ಮಗ ರಮೀಝ್ ಆಗ ತನ್ನದಾಗಿದ್ದ ಇದೇ ಫೋನಿನಲ್ಲಿ ನಾಲ್ಕು ನಿಮಿಷ ಚಿತ್ರೀಕರಿಸಿದ್ದ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಗೆ ದಿನಾಂಕವೂ ಇರುವುದಿಲ್ಲ, ಸ್ಥಳವೂ ಇರುವುದಿಲ್ಲ. ಮೂಲ ವಿಡಿಯೊ ಇರುವ ಫೋನನ್ನೇ ತಹಶೀಲ್ದಾರರ ಮುಂದಿನ ಸೋಮವಾರದ ವಿಚಾರಣೆಗೆ ತನ್ನಿ ಎಂದಿದ್ದರು ವಕೀಲರು. ಆಯಿಶಮ್ಮ ಫೋನನ್ನು ಸ್ವಿಚ್ ಆಫ್ ಮಾಡಿ, ಬಟ್ಟೆಯಲ್ಲಿ ಸುತ್ತಿ, ಕಪಾಟಿನಲ್ಲಿಟ್ಟರು.

ಎರಡು ದಿನ ಮೊದಲು, ಶನಿವಾರ ಬೆಳಿಗ್ಗೆ ಕಾಂತಿಯಕ್ಕ ಶಟರು ಎತ್ತುವಾಗಲೇ ದಮ್ಮಾಮಿನಿಂದ ರಮೀಝ್‌ನ ಕರೆ, ಬೇರೆ ಯಾರದೋ ನಂಬರಿನಿಂದ. ಅವನು ತನ್ನ ಹೊಸ ಫೋನನ್ನು ಟ್ಯಾಕ್ಸಿಯಲ್ಲಿ ಬಿಟ್ಟುಬಿಟ್ಟಿದ್ದ. ಕಳೆದ ಫೋನನ್ನು ದೂರದಿಂದಲೇ ಅಳಿಸುವ ಸೌಲಭ್ಯ ಕಂಪೆನಿಯದುಂಟು. ಗೆಳೆಯನ ಫೋನಿನಲ್ಲಿ ಪಟ್ಟಿ ತೆರೆದರೆ ‘ರಮೀಝ್ ಫೋನ್’ ಎಂಬ ಹೆಸರಿನದು ಎರಡು: ಕಳೆದುಹೋದದ್ದು ಒಂದು, ಅಮ್ಮನಿಗೆ ಕೊಟ್ಟ ಹಳೆಯದು ಇನ್ನೊಂದು. ಗಾಬರಿಯಲ್ಲಿ ಅವನು ಒತ್ತಿದ್ದು ಅಮ್ಮನದನ್ನು.

"ಕಾಂತಿಯಕ್ಕ, ನಾನು ಅದನ್ನು ಕೊಂದೆ," ಎಂದು ಆ ಹುಡುಗ ಅತ್ತನಂತೆ.

ಆದರೆ ಫೋನು ಇನ್ನೂ ಸತ್ತಿರಲಿಲ್ಲ. ಅಪ್ಪಣೆ ತಲುಪಬೇಕಾದರೆ ಫೋನು ಚಾಲೂ ಆಗಬೇಕು, ಇಂಟರ್ನೆಟ್ ಸಿಗಬೇಕು. ಆಯಿಶಮ್ಮನ ಮನೆ ಇರುವ ತಗ್ಗಿನಲ್ಲಿ ಮಾತಾಡಲು ಅಲ್ಪಸ್ವಲ್ಪ ಸಿಗ್ನಲ್ ಸಿಗುತ್ತದೆ, ಇಂಟರ್ನೆಟ್ ಸುತರಾಂ ಇಲ್ಲ. ವರ್ಷಗಟ್ಟಲೆ ಊರವರು ಬೈದುಕೊಂಡ ಆ ನೆಟ್‌ವರ್ಕಿನ ಕೊರತೆಯೇ ಅವತ್ತು ದೇವರಾಗಿ ಕಾದಿತ್ತು. ಅಳಿಸುವ ಅಪ್ಪಣೆಗೆ ಬರೀ ಪಾಸ್‌ವರ್ಡ್ ಸಾಕಿತ್ತು, ಅದನ್ನು ಹಿಂದೆ ತೆಗೆಯೋಣವೆಂದರೆ ಆರು ನಂಬ್ರ ಬೇಕು; ಅದು ಬರುವುದು ಟ್ಯಾಕ್ಸಿಯಲ್ಲಿ ಕಳೆದ ಫೋನಿಗೆ. ಇದರ ಮೇಲೆ, ಏಳೂಕಾಲರ ಬಸ್ಸಿಗೆ ಆಯಿಶಮ್ಮ ವಕೀಲರಲ್ಲಿಗೆ ಹೊರಡುವವರಿದ್ದರು. ಗುಡ್ಡೆ ಹತ್ತಿ ರಸ್ತೆ ಸೇರಿದ ಕೂಡಲೇ ಫೋನು ಚಾಲೂ ಮಾಡಿ ಅವರಿಗೆ ತಿಳಿಸುವುದೆಂದು ಮಾತಾಗಿತ್ತು. ರಸ್ತೆಯಲ್ಲಿ ಇಂಟರ್ನೆಟ್ ಧಾರಾಳ.

ಕಾಂತಿಯಕ್ಕ ರುಕ್ಮಯ್ಯನವರ ಮನೆಯ ಸಣ್ಣ ಬಟನ್ ಫೋನಿಗೆ ಕರೆ ಮಾಡಿದರು.

"ರುಕ್ಮಯ್ಯಣ್ಣ, ಆಯಿಶಕ್ಕ ಹೊರಟ್ರಾ?"

"ಇಗೋ, ಗುಡ್ಡೆ ಹತ್ತುತ್ತಾ ಇದ್ದಾರೆ. ಅರ್ಧ ಆಯ್ತು."

"ನಿಲ್ಲಿಸಿ! ಫೋನು ಚಾಲೂ ಮಾಡಿದ್ರೆ ದಾರಿ ಹೋಯ್ತು!"

ಎದ್ದು ನಿಲ್ಲಲಾಗದ ಮನುಷ್ಯ ಏನು ಮಾಡಿಯಾರು? ಆದರೆ ಮೂವತ್ತು ವರ್ಷ ತಾಳೆಮರದ ತುದಿಯಲ್ಲಿ ಕೂತು ಆಚೆ ಗುಡ್ಡೆಯವರ ಜತೆ ಮಾತಾಡಿದ ಗಂಟಲು ಅದು. ಜಗಲಿಯಲ್ಲಿ ಕುಳಿತಲ್ಲಿಂದಲೇ ರುಕ್ಮಯ್ಯ ಒಂದು ಕೂಗು ಹಾಕಿದರು. ಆರು ಮನೆಯ ನಾಯಿಗಳೂ ಬೊಗಳಿದುವು. ಗುಡ್ಡೆಯ ಮೇಲೆ ಆಯಿಶಮ್ಮ ನಿಂತರು. "ಇವರಿಗೆ ಎಂತದೋ ಆಯ್ತು ಅಂತ ಹೆದರಿ ನಾನು ಓಡಿಕೊಂಡೇ ಇಳಿದೆ. ನೋಡಿದ್ರೆ ಇವರು ನಗ್ತಾ ಇದ್ದಾರೆ," ಎನ್ನುತ್ತಾರೆ ಅವರು.

ಬೆಂಚಿನಲ್ಲಿ ಕಾದಿದ್ದವರಿಗೆ ಕೈಮುಗಿದು ಕಾಂತಿಯಕ್ಕ ಶಟರು ಎಳೆದರು, ಲ್ಯಾಪ್‌ಟಾಪು ಮತ್ತು ಕೇಬಲ್ ಚೀಲಕ್ಕೆ ಹಾಕಿ ವೇಣೂರಿನ ಬಸ್ಸು ಹತ್ತಿದರು. ಅಲ್ಲಿಂದ ನಡೆದು, ಗುಡ್ಡೆ ಇಳಿದು, ಆಯಿಶಮ್ಮನ ಅಡುಗೆಕೋಣೆಯಲ್ಲಿ ಕುಳಿತರು. ಸಿಮ್ ತೆಗೆಯುವ ಪಿನ್ನು ಅಂಗಡಿಯಲ್ಲೇ ಉಳಿದಿತ್ತು. ಸೀರೆಯ ಪಿನ್ನೇ ಕೆಲಸಕ್ಕೆ ಬಂತು. ಸಿಮ್ ತೆಗೆದ ಮೇಲೆ ಫೋನು ಚಾಲೂ ಮಾಡಿ, ಕಂಪ್ಯೂಟರಿಗೆ ಕೇಬಲು ಸಿಕ್ಕಿಸಿ, ವಿಡಿಯೊವನ್ನು ಅದರಲ್ಲೂ ಉಳಿಸಿಕೊಂಡರು. "ಮೊದಲು ಕಂಡದ್ದು ಜೀಪಿನ ಮುಂದೆ ಕಟ್ಟಿದ ಹೂ. ಮತ್ತೆ ದಿನಾಂಕ. ಸುಳ್ಳು ಯಾಕೆ ಹೇಳುದು, ಆಗ ಅತ್ತುಬಿಟ್ಟೆ."

ಸೋಮವಾರ ಕಾಂತಿಯಕ್ಕ ವಿಚಾರಣೆಗೂ ಹೋದರು. ಗುಮಾಸ್ತರೊಬ್ಬರು ಫೋನು ತೆಗೆದುಕೊಂಡು, "ನನ್ನ ಹಾಟ್‌ಸ್ಪಾಟ್ ಕೊಡ್ತೇನೆ, ವಿಡಿಯೊ ನನಗೆ ಕಳಿಸಿ," ಎಂದಾಗ "ಬೇಡ ಸಾರ್!" ಎಂದು ಅವರು ಹಾಕಿದ ಬೊಬ್ಬೆಗೆ ಕಚೇರಿಯವರೆಲ್ಲ ತಿರುಗಿ ನೋಡಿದರಂತೆ. ತಹಶೀಲ್ದಾರರು ವಿಡಿಯೊವನ್ನು ಎರಡು ಸಲ ನೋಡಿದರು, ಆ ವಾರವೇ ಸ್ಥಳಕ್ಕೂ ಬಂದರು. ವಿಡಿಯೊದಲ್ಲಿ ವ್ಯಾನು ತಿರುಗಿದ ಹಲಸಿನ ಮರ ಅಲ್ಲಿಯೇ ಇತ್ತು, ಪಾಗಾರದ ಒಳಬದಿಯಲ್ಲಿ. ಹದಿನೆಂಟು ದಿನಕ್ಕೆ ಆದೇಶ ಬಂತು. ಇಪ್ಪತ್ತನೆಯ ದಿನ ಜೆಸಿಬಿ ಬಂತು. ಆರು ಮನೆಯವರು ಅವತ್ತು ಹಂಚಿದ ಪಾಯಸಕ್ಕೆ ಬೆಲ್ಲ ಒಬ್ಬರ ಮನೆಯದು, ತೆಂಗಿನಕಾಯಿ ಇನ್ನೊಬ್ಬರ ಮನೆಯದು.

ಫೋನಿನ ಗತಿ? ಕೆಲಸ ಮುಗಿದ ಮೇಲೆ ಆಯಿಶಮ್ಮ ತಾವೇ ರಸ್ತೆಗೆ ಬಂದು ಅದಕ್ಕೆ ಇಂಟರ್ನೆಟ್ ತೋರಿಸಿದರು. ಅದು ಮಾತು ತಪ್ಪದೆ ಎಲ್ಲವನ್ನೂ ಅಳಿಸಿಕೊಂಡಿತು. ರಮೀಝ್ ತನ್ನ ಖಾತೆಯಿಂದ ಅದನ್ನು ಬಿಟ್ಟುಕೊಟ್ಟ. ಈಗ ಅದು ಆಯಿಶಮ್ಮನ ಹೆಸರಿನಲ್ಲೇ ಇದೆ.

ಇವತ್ತು ಮಂಗಳವಾರ. ಏಳೂವರೆಗೆ ಅಂಗಡಿಯೆದುರು ಹನೀಫಾ ಅವರ ಆಟೊ ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ರುಕ್ಮಯ್ಯ, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ. "ಅಂಗಳದಲ್ಲೇ ಹತ್ತಿದ್ದು ಅಕ್ಕ," ಎಂದು ಅವರು ಕೂಗಿ ಹೇಳುತ್ತಾರೆ. ದಾರಿ ಬಿಟ್ಟಂದಿನಿಂದ ವಾರಕ್ಕೆ ಎರಡು ಸಲವೂ ಇದನ್ನೇ ಹೇಳುತ್ತಾರಂತೆ. ಕಾಂತಿಯಕ್ಕ ಕೈ ಎತ್ತುತ್ತಾರೆ. ನಿಮಗೆ ಏನಾದರೂ ಆಸೆ ಉಂಟಾ ಎಂದು ನಾನು ಅದೇ ಹೊತ್ತಿಗೆ ಕೇಳುತ್ತೇನೆ. ದೊಡ್ಡ ಅಂಗಡಿ, ಬೋರ್ಡು, ಸನ್ಮಾನ, ಏನಾದರೊಂದು ಹೇಳಿಯಾರು ಎಂದು ಪೆನ್ನು ಹಿಡಿದಿದ್ದೇನೆ.

"ಆ ದಾರಿಯಲ್ಲಿ ಒಮ್ಮೆ ಹೋಗ್ಬೇಕು ಅಂತ ಉಂಟು," ಎನ್ನುತ್ತಾರೆ. "ನಾನು ಹೋದದ್ದು ಗುಡ್ಡೆ ಇಳಿದು ಅಲ್ವಾ? ಪಾಗಾರ ಬಿದ್ದ ದಿನವೂ ಇಲ್ಲಿ ಹನ್ನೊಂದು ಫೋನು ಕಾಯ್ತಾ ಇತ್ತು."

ರುಕ್ಮಯ್ಯನವರ ಕಿವಿ ಚುರುಕು. "ನನ್ನದು ಮುಗಿದು ಬರುವಾಗ ಹನ್ನೆರಡೂವರೆ. ಬಾಗಿಲು ಹಾಕಿ ರೆಡಿ ಇರಿ!" ಎಂದು ಅಪ್ಪಣೆ ಮಾಡಿ ಅವರು ಹೋಗುತ್ತಾರೆ.

ಹನ್ನೆರಡೂವರೆಗೆ ಕಾಂತಿಯಕ್ಕ ಸೀರೆ ಬದಲಿಸಿ ನಿಂತಿದ್ದಾರೆ. ಸೂಜಿ ಚುಚ್ಚಿಸಿಕೊಂಡು ಬಳಲಿದ ರುಕ್ಮಯ್ಯ ಆಟೊದಲ್ಲಿ ಬದಿಗೆ ಸರಿದು ಜಾಗ ಕೊಡುತ್ತಾರೆ. ನಾನು ಹನೀಫಾ ಅವರ ಪಕ್ಕ ಅರ್ಧ ಸೀಟಿನಲ್ಲಿ. ವೇಣೂರು ದಾಟಿ ಆಟೊ ಎಡಕ್ಕೆ ತಿರುಗುತ್ತದೆ. ಎರಡೂ ಬದಿಯಲ್ಲಿ ಕಡಿದ ಕೆಂಪುಕಲ್ಲಿನ ಅಂಚು, ನಡುವೆ ಹೊಸ ಜಲ್ಲಿ, ಮುಂದೆ ಹಲಸಿನ ಮರ. ಹಿಂದಿನಿಂದ ಕಾಂತಿಯಕ್ಕ ಹನೀಫಾ ಅವರ ಭುಜ ತಟ್ಟುತ್ತಾರೆ.

"ಸ್ವಲ್ಪ ನಿಧಾನ ಹೋಗಿ ಮಾರಾಯ್ರೆ. ನನಗೆ ನೋಡ್ಬೇಕು."