ಒಂದು ಸೀಲಿಗೆ ಒಂದು ಬೇಳೆ

ಆಸ್ಟಿನ್‌ನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮೈಸೂರಿನವನು. ಆದರೆ ಕೆನಡಾದಲ್ಲಿ ಸೀಲ್ ಎಂಬ ಕಡಲಪ್ರಾಣಿಯ ಬೇಟೆ ನಡೆಯಬೇಕು, ಅದು ಅಲ್ಲಿನ ಕಡಲತೀರದವರ ಕಸುಬು ಎಂದು ವಾದಿಸುತ್ತಿದ್ದ. ಹಿಮದ ಮೇಲೆ ಮಲಗಿದ ಸೀಲ್‌ಗಳನ್ನು ವಿಮಾನದಿಂದ ತೆಗೆದ ಫೋಟೋಗಳಲ್ಲಿ ಎಣಿಸಿ, ಎಷ್ಟನ್ನು ಬೇಟೆಯಾಡಿದರೆ ಸಂತತಿ ಕುಗ್ಗುವುದಿಲ್ಲ ಎಂದು ಕಂಡುಹಿಡಿಯುವುದೇ ಅವನ ಪಿಎಚ್‌ಡಿ. ಯಾರು ಎದುರಾಡಿದರೂ ಕನ್ನಡಕ ಹಣೆಗೇರಿಸಿ, "ಮೊದ್ಲು ಎಣಿಸಿ, ಆಮೇಲೆ ಮಾತಾಡಿ" ಅನ್ನುತ್ತಿದ್ದ.

ಒಂದು ಯುಗಾದಿಗೆ ಅಲೆನ್ ಎಂಬ ಊರಿನ ಕನ್ನಡದ ಆಂಟಿಯೊಬ್ಬರು ನಮ್ಮನ್ನು ಊಟಕ್ಕೆ ಕರೆದಿದ್ದರು. ಬಂದವರಿಂದೆಲ್ಲ ಅವರು ಸೀಲ್ ಬೇಟೆಯ ವಿರುದ್ಧದ ಮನವಿಗೆ ಸಹಿ ಹಾಕಿಸುತ್ತಿದ್ದರು.

"ನೀನೂ ಹಾಕಪ್ಪ," ಎಂದರು.

ಇವನು ಹಾಕಲಿಲ್ಲ. ಕಾರಿನಿಂದ ಫೋಟೋಗಳ ಸುರುಳಿ ತಂದು ನೆಲಕ್ಕೆ ಹಾಸಿದ. ಅಡುಗೆಮನೆಯಿಂದ ಕಡಲೆಬೇಳೆಯ ಡಬ್ಬಿಯೂ ಬಂತು.

"ಒಂದು ಸೀಲಿಗೆ ಒಂದು ಬೇಳೆ ಇಡಿ. ಇಲ್ಲಿ ತಪ್ಪಿದ್ರೆ ಬೇಟೆ ಮಿತಿನೂ ತಪ್ಪತ್ತೆ."

ಎಲೆಯ ಮೇಲೆ ಹೋಳಿಗೆ ಆರಿತು. ರೇಷ್ಮೆ ಸೀರೆಗಳು, ಪಂಚೆಗಳು ನೆಲಕ್ಕೆ ಬಾಗಿದವು. "ಅದಕ್ಕೆ ನಾನಾಗ್ಲೇ ಇಟ್ಟಿದೀನ್ರೀ" ಎಂದು ಅಂಕಲ್‌ಗಳು ಕಿತ್ತಾಡಿದರು. ಇವನು ಅವರ ನಡುವೆ ಮಂಡಿಯಲ್ಲೇ ಓಡಾಡಿ, ಬೇಳೆಗಳನ್ನು ಎಣಿಸಿ ಎದ್ದ. "ನೋಡಿ, ನನ್ನ ಲೆಕ್ಕಾನೇ ಸರಿ."

ಆಂಟಿ ಮಾತ್ರ ಏಳಲಿಲ್ಲ. ಹಿಮದ ಬಿಳುಪಿನಲ್ಲಿ ಕರಗಿಹೋಗಿದ್ದ ಬಿಳಿ ಮರಿಯೊಂದರ ಮೇಲೆ ಬೇಳೆಯಿಟ್ಟರು.

"ಇದನ್ನ ಬಿಟ್ಟಿದ್ದೀಯಲ್ಲಪ್ಪ."

ಇವನು ಭೂತಗನ್ನಡಿ ಹಿಡಿದು ನೋಡಿದ. ತಲೆ ಎತ್ತಿದಾಗ ಅವನ ಕಣ್ಣುಗಳು ಹೊಳೆಯುತ್ತಿದ್ದವು.

"ಆಂಟಿ, ಕಾರಲ್ಲಿ ಇನ್ನೂ ಮೂರು ಸುರುಳಿ ಇದೆ. ತರ್ಲಾ?"