ವಿದೇಶಿ ಪತ್ರಿಕೆಗಳ ಪ್ರಕಾರ

ಇಸ್ರೇಲಿನ ರಮತ್ ಗನ್‌ನ ನಮ್ಮ ಬೀದಿಯಲ್ಲಿ ಗುರ್ಜಿಯಾಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಬಾಗ್ದಾದಿನಿಂದ ಬಂದ ಎಲ್ಲ ಹೆಂಗಸರಂತೆ ಅವಳೂ ಚೊಚ್ಚಲ ಮಗನ ಹೆಸರಿನಿಂದಲೇ ಗುರುತು: ಉಮ್ಮ್ ನಯೀಮ್, ನಯೀಮನ ತಾಯಿ. ಗಂಡ ವಲಸೆ ಬಂದವರ ಡೇರೆಗಳ ಕ್ಯಾಂಪಿನಲ್ಲೇ ತೀರಿಹೋಗಿದ್ದ. ಹೊಲಿಗೆ ಯಂತ್ರ ತುಳಿದು ಮಗನನ್ನೂ ಮಗಳು ಮಾರ್ಸೆಲ್‌ಳನ್ನೂ ಬೆಳೆಸಿದಳು. ಮಾತು ಕಡಿಮೆ, ಹೊಲಿಗೆ ಗಟ್ಟಿ. ಪ್ಯಾಂಟಿನ ಸೊಂಟ ಕುಗ್ಗಿದೆ ಎಂದು ಯಾರಾದರೂ ತಂದರೆ, ಕುಗ್ಗಿದ್ದು ಬಟ್ಟೆಯಲ್ಲ ಎಂದಷ್ಟೇ ಹೇಳಿ ಬಿಚ್ಚಿ ಹೊಲಿದುಕೊಡುತ್ತಿದ್ದಳು.

ನಯೀಮ್ ರೋಮಿನಲ್ಲಿ ಹಡಗು ಕಂಪನಿಯೊಂದರಲ್ಲಿದ್ದಾನೆ ಎಂದು ಅವಳು ಬೀದಿಗೆಲ್ಲ ಹೇಳುತ್ತಿದ್ದಳು. ಅವಳಿಗೆ ಹಾಗೆ ಹೇಳಿದವನು ಅವ್ನೇರ್. ತಿಂಗಳಿಗೊಮ್ಮೆ ಬಂದು ಮಗನ ಕ್ಷೇಮ ತಿಳಿಸಿ ಕಾಫಿ ಕುಡಿದು ಹೋಗುವವನು. ಯಾವ ಕಚೇರಿಯವನೆಂದು ಒಮ್ಮೆಯೂ ಬಾಯಿಬಿಟ್ಟವನಲ್ಲ. ಅವಳು ಆ ರೋಮನ್ನು ನಂಬಿರಲಿಲ್ಲ. ಹಿಂದಿನ ವರ್ಷ ಯೆಹೂದಿಗಳ ವಸಂತದ ಹಬ್ಬ ಪಸ್ಕಕ್ಕೆ ಬಂದಿದ್ದ ನಯೀಮ್ ನಿದ್ದೆಗಣ್ಣಿನಲ್ಲಿ ನೀರು ಕೇಳಿದ್ದ, ಬಾಗ್ದಾದಿನ ಮುಸಲ್ಮಾನರ ಅರಬ್ಬಿಯಲ್ಲಿ. ಯೆಹೂದಿ ಮನೆಯ ಅರಬ್ಬಿಯೇ ಬೇರೆ. ತಾಯಿಯ ಮನೆಯಲ್ಲಿ ಮಲಗಿಯೂ ಬೇರೆಯವರ ಮಾತಿನಲ್ಲಿ ನೀರು ಕೇಳುವ ಮಗ ಎಂಥ ಕಡೆ, ಎಂಥ ವೇಷದಲ್ಲಿ ಬದುಕುತ್ತಿರಬೇಕು ಎಂದು ಅವಳಿಗೆ ಅಂದೇ ಅರ್ಥವಾಗಿತ್ತು. ಯಾರನ್ನೂ ಕೇಳಲಿಲ್ಲ. ವರ್ಷಕ್ಕೊಮ್ಮೆ, ಪಸ್ಕಕ್ಕೆ, ಅವನು ಬರುತ್ತಿದ್ದ. ಅಷ್ಟನ್ನು ಹಿಡಿದುಕೊಂಡು ಬದುಕಿದ್ದಳು.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಕ್ರೊಂಗೋಲ್ಡ್ ಎಂಬ ಪತ್ರಕರ್ತ ಬಾಗಿಲಿಗೆ ಬಂದ. ಟೆಲ್ ಅವೀವ್‌ನ ಪತ್ರಿಕೆಯೊಂದರವನು. ಇರಾಕಿನಿಂದ ಬಂದ ಹುಡುಗನೊಬ್ಬನನ್ನು ಸರ್ಕಾರ ಶತ್ರುದೇಶದೊಳಗೆ ವ್ಯಾಪಾರಿಯ ವೇಷದಲ್ಲಿ ಗುಟ್ಟಾಗಿ ಇಟ್ಟಿದೆ, ಮನೆ ಈ ಕಡೆಯದೇ ಎಂಬ ಗಾಳಿಸುದ್ದಿ ಅವನ ಕಿವಿಗೆ ಬಿದ್ದಿತ್ತು. ಬೀದಿಯ ನಾಲ್ಕಾರು ಮನೆಗಳಲ್ಲಿ ಕೇಳಿದಂತೆ ಇಲ್ಲೂ ಕೇಳಿದ. ಇವಳು ರೋಮ್ ಎಂದಳು. ಅವನು ಟೋಪಿ ಮುಟ್ಟಿ ವಂದಿಸಿ ಹೋದ.

ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವಳಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಸುದ್ದಿ ಅಚ್ಚಾದರೆ ಮಗನ ಕುತ್ತಿಗೆಗೆ ಹಗ್ಗ. ಅದು ಬಿಟ್ಟು ಬೇರೇನೂ ಕಣ್ಣಿಗೆ ಕಾಣಲಿಲ್ಲ. ಮರುದಿನ ಒಳ್ಳೆಯ ಲಂಗ ಉಟ್ಟು, ಬಸ್ಸು ಹತ್ತಿ ಪತ್ರಿಕೆಯ ಕಚೇರಿಗೇ ಹೋದಳು. ಕ್ರೊಂಗೋಲ್ಡನ ಮೇಜಿನ ಎದುರು ನಿಂತು ಬೇಡಿಕೊಂಡಳು.

ಅವನು ತನ್ನ ವರದಿಯ ಹಾಳೆಯನ್ನು ಅವಳ ಮುಂದಿಟ್ಟ. ಉದ್ದಕ್ಕೂ ಕೆಂಪು ಗೀಟು, ಕೆಳಗೆ ಸೆನ್ಸಾರ್ ಕಚೇರಿಯ ಮುದ್ರೆ.

"ನೋಡಿ ತಾಯಿ, ಒಂದಕ್ಷರ ಉಳಿಸಿಲ್ಲ. ನಾನೇ ಬೇಕು ಅಂದ್ರೂ ಹಾಕೋಕಾಗಲ್ಲ."

ಕ್ಯಾಂಪಿನಲ್ಲಿ ಕಲಿತ ಹೀಬ್ರೂವಿನಲ್ಲಿ ಅವಳು ಮುದ್ರೆಯನ್ನು ಅಕ್ಷರ ಕೂಡಿಸಿ ಓದಿದಳು. 'ಪ್ರಕಟಿಸತಕ್ಕದ್ದಲ್ಲ.' ಎದೆಯ ಮೇಲಿನ ಕಲ್ಲು ಇಳಿಯಿತು. ಅವನು ಕುರ್ಚಿ ಎಳೆದುಕೊಟ್ಟ, ಚಹಾ ತರಿಸಿದ. ಒಂದು ವರ್ಷದಿಂದ ಮುಚ್ಚಿದ್ದ ಬಾಯಿ ತೆರೆದುಕೊಂಡಿತು. ಮಗ ಹಬ್ಬಕ್ಕೆ ಮಾತ್ರ ಬರುವುದು, ವಸಂತದಲ್ಲಿ ಆ ಒಂದು ವಾರ, ನನ್ನ ಕೈಯ ಖರ್ಜೂರದ ಪಾಕ ತಿನ್ನಲು ಎಲ್ಲಿಂದಲೋ ಬರುತ್ತಾನೆ, ಅದೊಂದನ್ನು ನನಗೆ ಉಳಿಸಿಕೊಡಿ ಎಂದಳು. ಕ್ರೊಂಗೋಲ್ಡ್ ಏನನ್ನೂ ಬರೆದುಕೊಳ್ಳಲಿಲ್ಲ. ತಲೆಯಾಡಿಸಿದ.

ಸ್ವಲ್ಪ ದಿನಕ್ಕೆ ಅಳಿಯ ಎಜ್ರಾ, ಬಸ್ ಡ್ರೈವರು, ಪತ್ರಿಕೆ ಮಡಚಿ ಹಿಡಿದುಕೊಂಡು ಬಂದ. ಮೊದಲ ಪುಟದಲ್ಲಿ ಕ್ರೊಂಗೋಲ್ಡನ ಹೆಸರು. 'ವಿದೇಶಿ ಪತ್ರಿಕೆಗಳ ಪ್ರಕಾರ' ಎಂದು ಮೊದಲಾಗಿತ್ತು. ಲಂಡನ್ನಿನ ಪತ್ರಿಕೆಯೊಂದು ಹೇಳುವಂತೆ, ಅರಬ್ ರಾಜಧಾನಿಯೊಂದರಲ್ಲಿ ಇರಾಕಿ ವ್ಯಾಪಾರಿಯ ವೇಷದಲ್ಲಿ ನಮ್ಮವನೊಬ್ಬನಿದ್ದಾನೆ. ಪ್ರತಿ ವಸಂತದಲ್ಲೂ ಒಂದು ವಾರ ಅಂಗಡಿ ಮುಚ್ಚಿ, ತಾಯಿ ಮಾಡುವ ಹಬ್ಬದಡುಗೆ ಉಣ್ಣಲು ಬರುತ್ತಾನೆ.

ಅವಳು ಎರಡು ಸಲ ಓದಿಸಿದಳು. ಆಮೇಲೆ ಕೇಳಿದ್ದು ಇಷ್ಟೇ, "ಸೆನ್ಸಾರಿನವರು ಹೊಡೆದುಹಾಕಿದ್ರಲ್ಲ?"

"ಅಯ್ಯೋ ಅತ್ತೆ, ಇಲ್ಲಿ ಮೊದಲು ಬರೀಬಾರದು ಅಷ್ಟೇ. ಅಲ್ಲಿ ಬಂದಮೇಲೆ ಇಲ್ಲೂ ಬರೀಬಹುದು. ಅದಕ್ಕೇ ನಮ್ಮ ಪತ್ರಿಕೆಯವರೇ ಹೋಗಿ ಲಂಡನ್ನಿನವನಿಗೆ ಕಾಫಿ ಕುಡಿಸಿ ಹೇಳಿಬರ್ತಾರೆ. ನನ್ನ ಬಸ್ಸಲ್ಲಿ ಕೂತಿರೋ ಕೋಳಿಗೂ ಗೊತ್ತು ಇದು."

ಎಜ್ರಾ ನಗುತ್ತ ಹೇಳಿದ. ಅವನ ಪಾಲಿಗೆ ನಯೀಮ್ ರೋಮಿನಲ್ಲೇ ಇದ್ದ. ಅತ್ತೆಯ ಮುಖ ನೋಡಿದ ಮೇಲೆ ಅವನ ನಗು ನಿಂತಿತು.

ದೇಶಕ್ಕೆಲ್ಲ ಗೊತ್ತಿದ್ದ ಆಟ ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಕೆಂಪು ಮುದ್ರೆಯನ್ನು ಬೀಗ ಎಂದುಕೊಂಡಿದ್ದಳು. ಗಾಳಿಸುದ್ದಿಯನ್ನು ತಾನೇ ಕಾಲಲ್ಲಿ ನಡೆದುಹೋಗಿ ನಿಜ ಮಾಡಿಕೊಟ್ಟಿದ್ದಳು. ವಸಂತದಲ್ಲಿ ಅಂಗಡಿ ಮುಚ್ಚುವ ಇರಾಕಿ ವ್ಯಾಪಾರಿಗಳು ಒಂದು ಊರಿನಲ್ಲಿ ಎಷ್ಟು ಜನ ಇದ್ದಾರು?

ಅವ್ನೇರ್ ಬಂದಾಗ ಅವಳು ಕಾಫಿ ಇಡಲಿಲ್ಲ.

"ಈ ಸಲ ಅವನು ಬರಬಾರದು. ಹೇಳಿ ಕಳಿಸು."

"ಉಮ್ಮ್ ನಯೀಮ್, ನಿಮ್ಮ ಮಗ ರೋಮಿನಲ್ಲಿದ್ದಾನೆ."

"ಹಾಗಾದ್ರೆ ರೋಮಿಗೆ ಹೇಳು. ಹಬ್ಬದ ವಾರ ಅಂಗಡಿ ತೆಗೆದು ಕೂತಿರಲಿ ಅಂತ."

ಪತ್ರಿಕೆಯವನಿಗೆ ಹೇಳಿದ್ದು ಯಾರು ಎಂದು ಅವನು ಕೇಳಿದ. ನಾನೇ ಎಂದಳು. ಅವನು ಬೈಯಲಿಲ್ಲ, ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಆ ಕಡೆಯಿಂದ ಮಾತು ಬಂದಾಗಲೇ ಈ ಕಡೆಯದು ಹೇಳಲು ಸಾಧ್ಯ, ಕೆಲವು ದಿನಗಳಿಂದ ಬಂದಿಲ್ಲ ಎಂದಷ್ಟೇ ಹೇಳಿ ಎದ್ದ. ಅವನು ಹೊರಗೆ ಹೋಗುವಾಗ ರೋಮ್ ಎನ್ನುವ ಮಾತನ್ನು ಮತ್ತೆ ಎತ್ತಲಿಲ್ಲ.

ಅವಳು ಇನ್ನೊಮ್ಮೆ ಬಸ್ಸು ಹತ್ತಿದಳು. ಕ್ರೊಂಗೋಲ್ಡ್ ಅವಳನ್ನು ಕಂಡು ಎದ್ದು ನಿಂತ. ಅವಳು ಕೂರಲಿಲ್ಲ. ನೀನು ಬರೆದ ಆ ಮನುಷ್ಯ ಕೆಲಸ ಬಿಟ್ಟು ಯಾವಾಗಲೋ ವಾಪಸು ಬಂದ, ಮನೆಯಲ್ಲೇ ಇದ್ದಾನೆ ಎಂದು ಲಂಡನ್ನಿನಲ್ಲಿ ಹಾಕಿಸು ಎಂದಳು.

"ಅದಕ್ಕೆ ಸಾಕ್ಷಿ ಯಾರು ತಾಯಿ?"

"ಹೋದ ಸಲ ಯಾರು? ಈ ಸಲವೂ ನಾನೇ."

ಅವನು ಕನ್ನಡಕ ತೆಗೆದು ಒರೆಸಿದ. ಅವನು ಕೆಟ್ಟ ಮನುಷ್ಯನಲ್ಲ. ಕತ್ತಲಲ್ಲಿ ಕುಳಿತು ಪರರ ಮಕ್ಕಳನ್ನು ಸಾವಿನ ಬಾಯಿಗೆ ಕಳಿಸುವವರನ್ನು ಯಾರಾದರೂ ಕೇಳಬೇಡವೇ, ಜನಕ್ಕೆ ಗೊತ್ತಾಗಬೇಡವೇ, ಅದಕ್ಕಾಗಿ ಬರೆದೆ ಎಂದ. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

"ಕಳಿಸಿದವರ ಬಗ್ಗೆ ನೀನು ಒಂದು ಸಾಲೂ ಬರೆದಿಲ್ಲವಲ್ಲಪ್ಪ," ಎಂದಳು ಅವಳು. "ನನ್ನ ಅಡುಗೆ ಬಗ್ಗೆ ಬರೆದೆ."

ಅವನು ಅವಳೆದುರೇ ಫೋನೆತ್ತಿ ಲಂಡನ್ನಿನವನಿಗೆ ಹೇಳಿನೋಡಿದ. ಆ ಕಡೆಯಿಂದ ಬಂದ ಉತ್ತರವನ್ನು ಅವಳ ಮುಖ ನೋಡದೆ ತಿಳಿಸಿದ: ಅದು ಹಳೆಯ ಸುದ್ದಿಯಂತೆ, ಇನ್ನು ಯಾರಿಗೂ ಬೇಡವಂತೆ.

ಹಬ್ಬ ಬಂತು. ವರ್ಷವಿಡೀ ಮಗನ ದಾರಿ ಕಾಯುತ್ತಿದ್ದವಳು ಈಗ ಅವನು ಬರಬಾರದೆಂದು ಬೇಡುತ್ತಿದ್ದಳು. ಬಂದರೆ ಅವನು ಬಿಟ್ಟುಬಂದ ಮುಚ್ಚಿದ ಅಂಗಡಿಯನ್ನು ಅಲ್ಲಿಯವರು ನೋಡಿರುತ್ತಾರೆ, ವಾಪಸು ಹೋದ ದಿನವೇ ಹಿಡಿಯುತ್ತಾರೆ. ಬರದಿದ್ದರೆ ಮಾತು ತಲುಪಿ ಅಲ್ಲೇ ಉಳಿದಿದ್ದಾನೆ ಎನ್ನಬಹುದು. ಆಗಲೇ ಹಿಡಿದಿದ್ದಾರೆ ಎಂದೂ ಎನ್ನಬಹುದು. ಎರಡಕ್ಕೂ ಒಂದೇ ಗುರುತು, ಖಾಲಿ ಕುರ್ಚಿ. ಅವ್ನೇರ್ ಆ ತಿಂಗಳು ಬರಲಿಲ್ಲ. ಅವಳು ಅನ್ನ ಮಾಡಿದಳು, ಖರ್ಜೂರ ಕುದಿಸಿ ಸೋಸಿ ಪಾಕ ಇಳಿಸಿ ಅಕ್ರೋಟು ಕುಟ್ಟಿ ಹಾಕಿದಳು.

ಬಾಗ್ದಾದಿನವರ ಮನೆಗಳಲ್ಲಿ ಆ ಸಂಜೆ ಒಬ್ಬರು ಹುಳಿಯಿಲ್ಲದ ರೊಟ್ಟಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಹೆಗಲಿಗೇರಿಸಿ ಹೊರಗೆ ಹೋಗುತ್ತಾರೆ, ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡು ಬಂದ ಪೂರ್ವಿಕರ ಹಾಗೆ. ಬಾಗಿಲು ತಟ್ಟುತ್ತಾರೆ. ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಎಂದು ಒಳಗಿನವರು ಕೇಳಬೇಕು. ಮೂವತ್ತು ದಾಟಿದರೂ ನಯೀಮ್ ಆ ಗಂಟನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಈ ಸಲ ಎಜ್ರಾ ಎದ್ದು ಹೆಗಲಿಗೇರಿಸಿಕೊಂಡ.

ಬಾಗಿಲು ತಟ್ಟಿದ ಸದ್ದಿಗೆ ಗುರ್ಜಿಯಾ ಕುಳಿತಲ್ಲಿಂದ ಎದ್ದಳು. ಮಗಳು ತೆಗೆಯಲು ಹೋಗುವಷ್ಟರಲ್ಲಿ ಚಿಲಕದ ಮೇಲೆ ತಾಯಿಯ ಕೈ ಇತ್ತು.

"ಎಲ್ಲಿಂದ ಬಂದೆ?" ಎಂದು ಮಾರ್ಸೆಲ್ ವಾಡಿಕೆಯಂತೆ ಕೂಗಿದಳು.

"ಈಜಿಪ್ಟಿನಿಂದ," ಎಂದ ಎಜ್ರಾ ಹೊರಗಿನಿಂದ, ದನಿ ಎಳೆದು, ತಮಾಷೆಯಾಗಿ.

"ಬರಬೇಡ," ಎಂದಳು ಗುರ್ಜಿಯಾ. "ಅಲ್ಲೇ ಇರು."

ಎಜ್ರಾ ಮತ್ತೆ ತಟ್ಟಿದ. ಒಳಗೆ ಮಾರ್ಸೆಲ್ ಬಂದು ತಾಯಿಯ ಬೆರಳುಗಳನ್ನು ಚಿಲಕದಿಂದ ಒಂದೊಂದಾಗಿ ಬಿಡಿಸಲು ನೋಡಿದಳು. ಬರಲಿಲ್ಲ. ನಲವತ್ತು ವರ್ಷ ಬಟ್ಟೆ ಹಿಡಿದ ಬೆರಳುಗಳು.